ಒಂದೇ ಯಂತ್ರ, ಎರಡು ಒಡಲು

ಮನುಷ್ಯರಿಗೆ ಇರುವಂತೆ ಮನುಷ್ಯರು ಮಾಡಿದ ವಸ್ತುಗಳಿಗೂ ವಂಶಾವಳಿಯುಂಟು. ಒಂದೇ ಮನೆಯಲ್ಲಿ ಹುಟ್ಟಿದ ಅಣ್ಣತಮ್ಮಂದಿರಲ್ಲಿ ಒಬ್ಬನು ಅರಮನೆಯ ಓಲಗಕ್ಕೂ ಇನ್ನೊಬ್ಬನು ಹೊಲದ ಆರಂಬಕ್ಕೂ ಸಲ್ಲುವಂತೆ, ಒಂದೇ ವಿನ್ಯಾಸದ ಯಂತ್ರಗಳೂ ಬೇರೆ ಬೇರೆ ಒಡಲುಗಳನ್ನು ಸೇರಿ ಬೇರೆ ಬೇರೆ ಬಾಳನ್ನು ಬಾಳುತ್ತವೆ. ಹುಣಸೂರು ಸೀಮೆಯ ಮಠದ ಪ್ರೌಢಶಾಲೆಯೊಂದರ ವಿಜ್ಞಾನದ ಕೊಠಡಿಯಲ್ಲಿ, ಕಿಟಕಿಯ ಪಕ್ಕದ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ಮೇಲ್ಮುಚ್ಚಳವಿಲ್ಲದ ಒಂದು ಮೋಟಾರು ಇಂಜಿನ್ ಕುಳಿತಿದೆ. ಹಿಡಿಕೆಯನ್ನು ತಿರುಗಿಸಿದರೆ ಅದರ ನಾಲ್ಕು ಪಿಸ್ಟನ್ನುಗಳು ಎರಡೆರಡಾಗಿ ಏರಿಳಿಯುತ್ತವೆ. ಅದನ್ನು ತಿರುಗಿಸುವ ಮಕ್ಕಳಿಗೆ ಅದು ಹಳೆಯ ಅಂಬಾಸಿಡರ್ ಕಾರಿನದೆಂದು ಮಾತ್ರ ಗೊತ್ತು. ಅದರ ಒಡಹುಟ್ಟು ಒಂದು ಕಾಲದಲ್ಲಿ ಇಂಗ್ಲೆಂಡಿನ ಹೆಸರಾಂತ ಸ್ಪೋರ್ಟ್ಸ್ ಕಾರಿನ ಹೃದಯವಾಗಿತ್ತೆಂಬುದು, ಅದರ ಮುಚ್ಚಳ ಈಗಲೂ ಅಂಥದೊಂದು ಕಾರಿನಲ್ಲಿ ಓಡಾಡುತ್ತಿದೆಯೆಂಬುದು ಬಹಳ ಜನಕ್ಕೆ ತಿಳಿಯದು.

ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ ಬ್ರಿಟನ್ ಗೆದ್ದಿತ್ತು; ಆದರೆ ಅದರ ಬೊಕ್ಕಸ ಬರಿದಾಗಿತ್ತು. ಸಾಲ ತೀರಿಸಲು ಡಾಲರು ಬೇಕಾಗಿತ್ತು. ಆದುದರಿಂದ, ಪರದೇಶಕ್ಕೆ ಮಾಲು ಕಳುಹಿಸುವ ಕಾರ್ಖಾನೆಗಳಿಗೇ ಉಕ್ಕಿನ ಮೊದಲ ಪಾಲು ಎಂಬುದು ಅಲ್ಲಿನ ಸರ್ಕಾರದ ನೀತಿಯಾಯಿತು. ಈ ಸಂಕಷ್ಟದ ಕಾಲದಲ್ಲಿಯೇ, ಸುಖದ ಸಾಧನವೆಂದು ಎಣಿಸಬಹುದಾದ ಇಬ್ಬರು ಕೂರುವ ಪುಟ್ಟ ತೆರೆದ ಕಾರು ಆ ದೇಶಕ್ಕೆ ಅನ್ನ ತಂದುಕೊಡುವ ಸರಕಾಯಿತೆಂಬುದು ಒಂದು ವಿಚಿತ್ರ.

ಅದರ ಹೆಸರು ಎಂ.ಜಿ. 'ಮಾರಿಸ್ ಗ್ಯಾರೇಜಸ್' ಎಂಬುದರ ಮೊದಲಕ್ಷರಗಳವು. ಸೈಕಲ್ಲುಗಳ ಕೆಲಸದಿಂದ ಬದುಕನ್ನಾರಂಭಿಸಿ ಮುಂದೆ ಲಾರ್ಡ್ ನಫೀಲ್ಡ್ ಎನಿಸಿಕೊಂಡ ವಿಲಿಯಂ ಮಾರಿಸ್ ಆಕ್ಸ್‌ಫರ್ಡ್ ಪಟ್ಟಣದಲ್ಲಿ ನಡೆಸುತ್ತಿದ್ದ ಗ್ಯಾರೇಜು ಅದು. 1922ರಲ್ಲಿ ಅದರ ವ್ಯವಸ್ಥಾಪಕನಾದ ಸೆಸಿಲ್ ಕಿಂಬರ್ ಎಂಬಾತ ಸಾಮಾನ್ಯ ಮಾರಿಸ್ ಕಾರುಗಳ ಅಡಿಗಟ್ಟಿನ ಮೇಲೆ ಹಗುರವಾದ, ಅಂದವಾದ ಮೈಯನ್ನು ಕೂಡಿಸಿ ಮಾರತೊಡಗಿದನು. ಇಲ್ಲದವರ ಮನೆಯ ಜಾಣ ಗೃಹಿಣಿ ದಿನದ ಸಾಮಾನಿನಲ್ಲಿಯೇ ಹಬ್ಬದಡಿಗೆ ಮಾಡುವಂತೆ, ಮನೆಬಳಕೆಯ ಭಾಗಗಳಿಂದಲೇ ಪಂದ್ಯದ ಕಾರನ್ನು ಕಟ್ಟುವುದು ಎಂ.ಜಿ.ಯ ಹುಟ್ಟುಗುಣವಾಯಿತು. 1929ರಲ್ಲಿ ಕೆಲಸವೆಲ್ಲ ಸಮೀಪದ ಅಬಿಂಗ್ಡನ್ ಎಂಬ ಊರಿಗೆ ಹೋಯಿತು. ಅಲ್ಲಿ ದೊರೆತ ಕಟ್ಟಡ ಹಿಂದೆ ಚರ್ಮದ ಕಾರ್ಖಾನೆಗೆ ಸೇರಿದ್ದುದು. ಹುಣಸೂರಿನವರಿಗೆ ಈ ಮಾತು ಕೌತುಕವೆನಿಸದಿರದು. ಕಳೆದುಹೋದ ಶತಮಾನಗಳಲ್ಲಿ ಈ ಊರೂ ಅಮೃತಮಹಲಿನ ದನಗಳಿಗೆ, ಚರ್ಮ ಹದಮಾಡುವುದಕ್ಕೆ, ಕಂಬಳಿಗೆ, ಗಟ್ಟಿಮುಟ್ಟಾದ ಗಾಡಿಗಳಿಗೆ ಹೆಸರಾಗಿತ್ತು.

ಯುದ್ಧದ ನಡುವೆ, 1941ರಲ್ಲಿ ಕಿಂಬರನು ತಾನು ಕಟ್ಟಿದ ಸಂಸ್ಥೆಯಿಂದಲೇ ಹೊರಬೀಳಬೇಕಾಯಿತು. 1945ರ ಫೆಬ್ರವರಿಯಲ್ಲಿ ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದ ಬಳಿ ರೈಲು ಅಪಘಾತದಲ್ಲಿ ತೀರಿಕೊಂಡನು. ಅದೇ ವರ್ಷದ ಕೊನೆಗೆ ಹೊರಬಂದ 'ಟಿ.ಸಿ.' ಎಂಬ ಮಾದರಿ ಎಂ.ಜಿ.ಯ ಹೆಸರನ್ನು ಅಟ್ಲಾಂಟಿಕ್ ಸಾಗರದಾಚೆಗೆ ಒಯ್ದಿತು. 1949ರ ವೇಳೆಗೆ ಹತ್ತು ಸಾವಿರ ಟಿ.ಸಿ.ಗಳು ತಯಾರಾದವು. ನೆಟ್ಟವನು ಉಣ್ಣದ ಹಣ್ಣನ್ನು ಊರು ಉಂಡಿತು.

1952ರಲ್ಲಿ ಆಸ್ಟಿನ್ ಮತ್ತು ಮಾರಿಸ್ ಮನೆತನಗಳೆರಡೂ ಒಂದಾಗಿ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ ಆದವು. ಎರಡು ಒಲೆ ಒಂದಾದಾಗ ಪಾತ್ರೆಗಳೂ ಒಂದಾಗಬೇಕಷ್ಟೆ. ಆಸ್ಟಿನ್ನಿನವರು ರೂಪಿಸಿದ್ದ 'ಬಿ' ಶ್ರೇಣಿಯ ಇಂಜಿನ್ ಎರಡು ಕಡೆಯ ಕಾರುಗಳಿಗೂ ಬಂದಿತು. 1489 ಸಿ.ಸಿ.ಯ ಎರಕದ ಕಬ್ಬಿಣದ ಬ್ಲಾಕು, ನಾಲ್ಕು ಸಿಲಿಂಡರುಗಳು, ಮೂರು ಬೇರಿಂಗುಗಳ ಮೇಲೆ ತಿರುಗುವ ಕ್ರ್ಯಾಂಕ್ ಶಾಫ್ಟು, ತಲೆಯ ಮೇಲೆ ಕವಾಟಗಳು. ಅದರಲ್ಲಿ ಬೆರಗುಗೊಳಿಸುವಂಥದು ಏನೂ ಇರಲಿಲ್ಲ. 1955ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಕಾಣಿಸಿಕೊಂಡ 'ಎಂ.ಜಿ.ಎ.' ಎಂಬ ನುಣುಪಾದ ಮೈಯ ಹೊಸ ಕಾರಿಗೆ ಇದೇ ಇಂಜಿನ್ನನ್ನು ಎರಡು ಕಾರ್ಬ್ಯುರೇಟರುಗಳೊಡನೆ ಇರಿಸಿದ್ದರು. 1962ರವರೆಗೆ ಒಂದು ಲಕ್ಷಕ್ಕೂ ಮಿಗಿಲಾಗಿ ಎಂ.ಜಿ.ಎ. ಕಾರುಗಳು ತಯಾರಾದವು; ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಹಡಗೇರಿ ಪರದೇಶಗಳಿಗೆ ಹೋದವು. ಅನಂತರ ಬಂದ 'ಎಂ.ಜಿ.ಬಿ.' ಐದು ಲಕ್ಷವನ್ನೂ ಮೀರಿತು.

ಇತ್ತ ಭಾರತದಲ್ಲಿ, ಬಿರ್ಲಾ ಮನೆತನದವರು 1942ರಲ್ಲಿ ಆರಂಭಿಸಿದ ಹಿಂದೂಸ್ಥಾನ್ ಮೋಟಾರ್ಸ್ ಸಂಸ್ಥೆ ಕಲ್ಕತ್ತೆಯ ಸಮೀಪದ ಉತ್ತರಪಾಡದಲ್ಲಿ ಮಾರಿಸ್ ಕಾರುಗಳನ್ನು ತಯಾರಿಸುತ್ತಿತ್ತು. ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರೇ ಇಲ್ಲಿ ಅಂಬಾಸಿಡರ್ ಎಂದು ನಾಮಕರಣಗೊಂಡಿತು. 1959ರಲ್ಲಿ ಅದಕ್ಕೆ 1489 ಸಿ.ಸಿ.ಯ ಅದೇ 'ಬಿ' ಶ್ರೇಣಿಯ ಇಂಜಿನ್ ಬಂದಿತು. ಹೀಗೆ ಒಂದೇ ಯಂತ್ರಕ್ಕೆ ಎರಡು ಒಡಲುಗಳಾದವು. ಒಂದರಲ್ಲಿ ಇಬ್ಬರು ಬಿಸಿಲು ಕಾಯುತ್ತ ರಜೆಯ ದಿನ ಗಂಟೆಗೆ ನೂರೈವತ್ತು ಕಿಲೋಮೀಟರಿನ ವೇಗದಲ್ಲಿ ಕಡಲತೀರಕ್ಕೆ ಹೋದರು. ಇನ್ನೊಂದರಲ್ಲಿ ಹತ್ತು ಹನ್ನೆರಡು ಜನ, ಅವರ ಗಂಟುಮೂಟೆ, ಡಿಕ್ಕಿಯಲ್ಲಿ ಎರಡು ಬಾಳೆಗೊನೆ ಸಹಿತ ಬೆಟ್ಟದಪುರದ ಜಾತ್ರೆಗೆ ಹೋದರು. ಯಂತ್ರಕ್ಕೆ ಭೇದಬುದ್ಧಿಯಿಲ್ಲ; ಹೊರೆಸಿದ್ದನ್ನು ಹೊರುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಗಳ ಬಾಡಿಗೆ ಕಾರುಗಳ ನಿಲ್ದಾಣಗಳಲ್ಲಿ ಒಂದು ತಲೆಮಾರಿನ ಕಾಲ ಈ ಕಾರಿನದೇ ರಾಜ್ಯಭಾರ. ಮದುವೆಯ ದಿಬ್ಬಣಕ್ಕೆ, ಚುಂಚನಕಟ್ಟೆಯ ಜಾತ್ರೆಗೆ, ಹೊಗೆಸೊಪ್ಪು ಮಾರಿ ಹಣ ಕಂಡ ರೈತನ ಮೊದಲ ಮೈಸೂರು ಪಯಣಕ್ಕೆ, ಮಠಾಧೀಶರ ಪಾದಪೂಜೆಯ ಬಿಜಯಂಗೈಯುವಿಕೆಗೆ, ಕೊನೆಗೆ ಆಸ್ಪತ್ರೆಯಿಂದ ಊರಿಗೆ ಶವ ತರುವುದಕ್ಕೂ ಅದೇ.

ಈ ಕಥೆಗೆ ಕೇಂದ್ರನಾದ ವ್ಯಕ್ತಿ 1970ರ ದಶಕದ ಆರಂಭದಲ್ಲಿ ಮೇಲೆ ಹೇಳಿದ ಶಾಲೆಯ ವಿದ್ಯಾರ್ಥಿ. ತಂದೆಯಿಲ್ಲದ ಹುಡುಗ, ಮಠದ ಉಚಿತ ಪ್ರಸಾದನಿಲಯದಲ್ಲಿ ಉಂಡು ಓದುತ್ತಿದ್ದವನು. ಶಾಲೆ ಬಿಟ್ಟ ಹೊತ್ತಿನಲ್ಲಿ ಕಾರುಗಳ ನಿಲ್ದಾಣದಲ್ಲಿ ನಿಂತು ಬಾನೆಟ್ಟಿನೊಳಗೆ ಇಣುಕುವುದು ಅವನ ಚಾಳಿ. ಒಂದು ದಿನ ವಿಜ್ಞಾನದ ಪಾಠದಲ್ಲಿ ಉಪಾಧ್ಯಾಯರು ಪೆಟ್ರೋಲ್ ಇಂಜಿನ್ನಿನ ನಾಲ್ಕು ಹೊಡೆತಗಳನ್ನು, ಅಂದರೆ ಸೆಳೆಯುವುದು, ಒತ್ತುವುದು, ಉರಿಯುವುದು, ಹೊರದೂಡುವುದು ಎಂಬುವನ್ನು, ಹಲಗೆಯ ಮೇಲೆ ಬರೆದು ವಿವರಿಸುತ್ತಿದ್ದಾಗ ಹುಡುಗ ಎದ್ದುನಿಂತನು.

"ಸಾರ್, ಡ್ರೈವರುಗಳು ಪ್ಲಗ್ಗು ಉರಿಯೋದು ಒಂದು, ಮೂರು, ನಾಲ್ಕು, ಎರಡು ಅಂತ ಹೇಳ್ತಾರೆ. ಒಂದು, ಎರಡು, ಮೂರು, ನಾಲ್ಕು ಅಂತ ಯಾಕಿಲ್ಲ?"

ಉಪಾಧ್ಯಾಯರು ಒಳ್ಳೆಯವರು, ಶ್ರದ್ಧಾವಂತರು. ಆದರೆ ಈ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. "ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎಂದರು. ತರಗತಿ ನಕ್ಕಿತು. ಹುಡುಗ ಕುಳಿತನು. ಆ ವರ್ಷ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತ ಅವನ ಕೈಹಿಡಿಯಲಿಲ್ಲ. ಮತ್ತೆ ಕಟ್ಟಲೂ ಇಲ್ಲ. ಕಾರೊಂದರ ಕ್ಲೀನರನಾಗಿ ಸೇರಿದನು. ಕಾಲಕ್ರಮದಲ್ಲಿ ಚಾಲಕನಾದನು, ರಿಪೇರಿ ಕಲಿತನು, ಹಳೆಯದೊಂದು ಅಂಬಾಸಿಡರನ್ನು ಸಾಲಮಾಡಿ ಕೊಂಡನು. ಜನ ಅವನನ್ನು 'ಮೇಸ್ತ್ರಿ' ಎಂದು ಕರೆಯತೊಡಗಿದರು. ಶಾಲೆಯಲ್ಲಿ ಕಲಿಸುವವರು ಮೇಷ್ಟ್ರು, ಗ್ಯಾರೇಜಿನಲ್ಲಿ ದುಡಿಯುವವರು ಮೇಸ್ತ್ರಿ. ಒಂದು ಇಂಗ್ಲಿಷಿನ ಮೂಲಕ, ಇನ್ನೊಂದು ಪೋರ್ಚುಗೀಸಿನ ಮೂಲಕ ಕನ್ನಡಕ್ಕೆ ಬಂದ ಈ ಎರಡು ಮಾತುಗಳ ಮೂಲಧಾತು ಒಂದೇ ಎಂಬುದನ್ನು ಆಗ ಅವನಿಗೆ ಯಾರೂ ಹೇಳಿರಲಿಲ್ಲ.

ಆ ಕಾರಿನ ಸೇವೆಯಲ್ಲಿ ಒಂದು ರಾತ್ರಿ ವಿಶೇಷವಾಗಿ ಸ್ಮರಣೀಯ. 1980ರ ದಶಕದ ಒಂದು ಮಳೆಗಾಲ. ಹೆಗ್ಗಡದೇವನಕೋಟೆಯ ಕಾಡಂಚಿನ ಹಾಡಿಯೊಂದರಿಂದ ಹೆರಿಗೆಯ ನೋವಿನ ಹೆಣ್ಣುಮಗಳನ್ನು ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ ಒಯ್ಯಬೇಕಾಯಿತು. ದಾರಿಗೆ ಅಡ್ಡವಾಗಿ ಹರಿಯುತ್ತಿದ್ದ ಹಳ್ಳವನ್ನು ದಾಟುವಾಗ ಇಂಜಿನ್ ನಿಂತಿತು. ಒಳಗೆ ಹೆಣ್ಣಿನ ನರಳಾಟ, ಹೊರಗೆ ಮೊಳಕಾಲುದ್ದ ನೀರು. ಮೇಸ್ತ್ರಿ ಬಾನೆಟ್ ಎತ್ತಿ, ಡಿಸ್ಟ್ರಿಬ್ಯೂಟರಿನ ಮುಚ್ಚಳ ಬಿಚ್ಚಿ, ತಲೆಗೆ ಸುತ್ತಿದ್ದ ಟವಲಿನ ಒಣಗಿದ ತುದಿಯಿಂದ ಒಳಗಿನ ತೇವವನ್ನು ಒರೆಸಿದನು. ಕತ್ತಲಲ್ಲಿ, ಕೈಬೆರಳಿನ ಅಂದಾಜಿನಲ್ಲಿ, ಒಂದು, ಮೂರು, ನಾಲ್ಕು, ಎರಡು ಎಂದು ಬಾಯಲ್ಲಿ ಎಣಿಸುತ್ತ ಪ್ಲಗ್ಗಿನ ತಂತಿಗಳನ್ನು ಮತ್ತೆ ಸೇರಿಸಿದನು. ಒಂದು ತಂತಿ ತಪ್ಪಿದ್ದರೂ ಕಾರು ಅಲ್ಲಿಯೇ ಬೆಳಗು ಕಾಣುತ್ತಿತ್ತು. ಇಂಜಿನ್ ಕೆಮ್ಮಿ, ಹೊತ್ತಿಕೊಂಡಿತು. ಬೆಳಗಿನ ಜಾವ ತಾಯಿಯೂ ಮಗುವೂ ಕ್ಷೇಮವೆಂದು ಕೇಳಿದ ಮೇಲೆ ಅವನು ಬಾಡಿಗೆಯ ಮಾತೆತ್ತದೆ ಹಿಂದಿರುಗಿದನು. ಶಾಲೆ ಅವನಿಗೆ ಪರೀಕ್ಷೆಗೆ ಬಾರದ ವಿದ್ಯೆಯೆಂದದ್ದು ಅಂದು ಎರಡು ಜೀವಗಳ ಪಾಲಿಗೆ ಪರೀಕ್ಷೆಯ ವಿದ್ಯೆಯೇ ಆಗಿತ್ತು.

ಕಾಲ ತಿರುಗಿತು. ಪೆಟ್ರೋಲಿನ ಬೆಲೆ ಏರಿದಂತೆ ಬಾಡಿಗೆ ಕಾರುಗಳವರು ಡೀಸೆಲ್ ಇಂಜಿನ್ ಕೂಡಿಸಿಕೊಂಡರು. ಮೇಸ್ತ್ರಿಯೂ ಹಾಗೆಯೇ ಮಾಡಿದನು. ಇಳಿಸಿದ ಪೆಟ್ರೋಲ್ ಇಂಜಿನ್ನಿಗೆ ಎಣ್ಣೆ ಸವರಿ, ಗೋಣಿಚೀಲ ಹೊದಿಸಿ ಗ್ಯಾರೇಜಿನ ಮೂಲೆಯಲ್ಲಿ ಇಟ್ಟನು. ದೂರದ ಅಬಿಂಗ್ಡನ್ನಿನ ಎಂ.ಜಿ. ಕಾರ್ಖಾನೆ 1980ರ ಅಕ್ಟೋಬರಿನಲ್ಲಿಯೇ ಮುಚ್ಚಿತ್ತು. ಇಂಥ ಸುದ್ದಿಯ ಕಹಿ ಮೈಸೂರಿನವರಿಗೆ ತಿಳಿಯದ್ದೇನಲ್ಲ. ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ 1960-61ರಲ್ಲಿ ಯಾದವಗಿರಿಯಲ್ಲಿ ತಲೆಯೆತ್ತಿ, ಜಾವಾ, ಯೆಜ್ಡಿ ಮೋಟಾರು ಸೈಕಲ್ಲುಗಳನ್ನು ದೇಶಕ್ಕೆಲ್ಲ ಕೊಟ್ಟ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ನಿಂತುಹೋಯಿತು. ಉತ್ತರಪಾಡದಲ್ಲಿ ಅಂಬಾಸಿಡರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ಕೊನೆಗೊಂಡಿತು.

ಹೆಸರುಗಳು ಮಾತ್ರ ಉಳಿದವು; ಉಳಿದು ಕೈಯಿಂದ ಕೈಗೆ ದಾಟಿದವು. ಎಂ.ಜಿ. ಎಂಬ ಹೆಸರು ಚೀನಾದ ಶಾಂಘಾಯಿಯ ಸಂಸ್ಥೆಯ ಪಾಲಾಗಿ, 2019ರಿಂದ ಗುಜರಾತಿನ ಹಾಲೋಲಿನಲ್ಲಿ ತಯಾರಾಗುವ ಕಾರುಗಳ ಮೂತಿಯ ಮೇಲೂ ಹೊಳೆಯಿತು. ಅಂಬಾಸಿಡರ್ ಎಂಬ ಹೆಸರನ್ನು 2017ರಲ್ಲಿ 80 ಕೋಟಿ ರೂಪಾಯಿಗೆ ಫ್ರಾನ್ಸಿನ ಪೂಜೋ ಸಂಸ್ಥೆ ಕೊಂಡಿತು. ಜಾವಾ ಹೆಸರು 2018ರಲ್ಲಿ ಮರಳಿ ಬಂದಿತಾದರೂ ಹೊಸ ಗಾಡಿಗಳು ಹುಟ್ಟಿದ್ದು ಮಧ್ಯಪ್ರದೇಶದ ಪೀಥಂಪುರದಲ್ಲಿ. ಹೆಸರನ್ನು ಮಾರಬಹುದು, ಕೊಳ್ಳಬಹುದು. ಕೈಯ ಕಸುಬನ್ನು ಹಾಗೆ ಪತ್ರ ಬರೆದು ವರ್ಗಾಯಿಸಲಾಗದು. ಒಬ್ಬರು ಕಲಿಸಬೇಕು, ಇನ್ನೊಬ್ಬರು ಕಲಿಯಬೇಕು.

ಅಂಬಾಸಿಡರಿನ ತಯಾರಿಕೆ ನಿಂತ ಒಂದೆರಡು ವರ್ಷಗಳ ಮೇಲೆ, ಕೊಡಗಿನ ಕಡೆಯಿಂದ ಮೈಸೂರಿಗೆ ಹೊರಟಿದ್ದ ಒಂದು ಕೆಂಪು ಕಾರು ಪಿರಿಯಾಪಟ್ಟಣ ದಾಟಿದ ಮೇಲೆ ಆವಿ ಕಾರುತ್ತ ನಿಂತಿತು. ಅದನ್ನು ಹುಣಸೂರಿನ ಮೇಸ್ತ್ರಿಯ ಗ್ಯಾರೇಜಿಗೆ ಎಳೆದು ತಂದರು. ನೆಲಕ್ಕೆ ಅಂಟಿದಂತಿದ್ದ, ಮೇಲ್ಛಾವಣಿಯಿಲ್ಲದ, ಇಬ್ಬರೇ ಕೂರುವ ಆ ವಾಹನವನ್ನು ನೋಡಲು ಬೀದಿಯ ಜನ ನೆರೆದರು. ಅದು 1950ರ ದಶಕದ ಎಂ.ಜಿ.ಎ.

ಮಾಲೀಕರು ಅನುಮಾನದಿಂದಲೇ ಕೇಳಿದರು: "ಯಜಮಾನರೇ, ಇದು ಬಹಳ ಅಪರೂಪದ ಕಾರು. ಬೆಂಗಳೂರಿನಲ್ಲೇ ಇದರ ಕೆಲಸ ತಿಳಿದವರು ಕಡಿಮೆ. ನಿಮ್ಮ ಕೈಲಿ ಆಗುತ್ತಾ?"

ಮೇಸ್ತ್ರಿ ಬಾನೆಟ್ ಎತ್ತಿದನು. ಕ್ಷಣಕಾಲ ಸುಮ್ಮನೆ ನಿಂತನು. ಊರು ಬಿಟ್ಟುಹೋದ ಗೆಳೆಯ ಪರಸ್ಥಳದಲ್ಲಿ ಪೀತಾಂಬರವುಟ್ಟು ಎದುರಾದರೆ ಹೇಗೋ ಹಾಗಾಯಿತು ಅವನಿಗೆ. ಕಾರ್ಬ್ಯುರೇಟರುಗಳು ಎರಡು, ಉಳಿದುದೆಲ್ಲ ಕಂಡದ್ದೇ, ಮುಟ್ಟಿದ್ದೇ.

"ಸ್ವಾಮಿ, ಇದು ನಮ್ಮ ಅಂಬಾಸಿಡರ್ ಇಂಜಿನ್ನೇ" ಎಂದನು.

ಎಣ್ಣೆ ಸುರಿಯುವ ಮುಚ್ಚಳವನ್ನು ತಿರುಗಿಸಿ ತೆಗೆದಾಗ ಅದರ ಒಳಮೈಗೆ ಮಜ್ಜಿಗೆಯಂಥ ಬಿಳಿಯ ನೊರೆ ಮೆತ್ತಿತ್ತು. ನೀರು ಎಣ್ಣೆಗೆ ಸೇರಿದೆಯೆಂದು ಅದರ ಅರ್ಥ. ಬಿಚ್ಚಿ ನೋಡಲಾಗಿ, ಕಾವಿಗೆ ಹೆಡ್ಡು ಬಿರುಕುಬಿಟ್ಟಿತ್ತು. ಮೇಸ್ತ್ರಿ ಮೂಲೆಯ ಗೋಣಿಚೀಲವನ್ನು ಸರಿಸಿ ತನ್ನ ಹಳೆಯ ಇಂಜಿನ್ನನ್ನು ತೋರಿಸಿದನು. ಮಾಲೀಕರ ಕಣ್ಣು ಅರಳಿತು. ಅವರು ಹೆಡ್ಡನ್ನಷ್ಟೇ ಕೇಳಲಿಲ್ಲ. ಮುಂದಿನ ಕಾಲಕ್ಕೆ ಭಾಗಗಳು ಬೇಕಾದಾವೆಂದು ಇಡೀ ಇಂಜಿನ್ನಿಗೇ ಬೆಲೆ ಕಟ್ಟಿದರು. ಆ ಗ್ಯಾರೇಜು ಒಂದೇ ಸಲಕ್ಕೆ ಕಂಡಿರದಷ್ಟು ದೊಡ್ಡ ಮೊತ್ತವದು.

ಅಂದು ರಾತ್ರಿ ಮನೆಯಲ್ಲಿ ಮಾತು ನಡೆಯಿತು. ಮಗನು ಹೊಸ ಕಾರುಗಳ ಕೆಲಸ ಕಲಿತವನು. ಅವನ ಮಾತಿನಲ್ಲಿ ನ್ಯಾಯವಿತ್ತು.

"ಅಪ್ಪಾ, ಈಗಿನ ಗಾಡಿಗೆ ಸ್ಪ್ಯಾನರ್ ಹಿಡಿದರೆ ಆಗಲ್ಲ, ಸ್ಕ್ಯಾನರ್ ಬೇಕು. ಅದಿಲ್ಲ ಅಂತ ಗಿರಾಕಿ ವಾಪಸು ಹೋಗ್ತಿದಾರೆ. ಅವರು ಕೊಡೋ ದುಡ್ಡಲ್ಲಿ ಅದು ಬರುತ್ತೆ. ಆ ಕಬ್ಬಿಣ ಇಟ್ಕೊಂಡು ಏನು ಮಾಡ್ತೀರಿ?"

ತಂದೆ ಬಹಳ ಹೊತ್ತು ಮಾತಾಡಲಿಲ್ಲ. ಮಗನ ಅವಶ್ಯಕತೆ ಸುಳ್ಳಲ್ಲ. ತನ್ನ ಹಿಂಜರಿಕೆಗೆ ತಾನೇ ಹೆಸರಿಡಲಾರದಾಗಿದ್ದನು. ಕೊನೆಗೆ, "ಹೆಡ್ಡು ಕೊಡೋಣ. ಮಿಕ್ಕಿದ್ದು ಕೊಡಲ್ಲ. ಅದು ನಾನು ಕೇಳಿದ ಪ್ರಶ್ನೆಗೆ ಉತ್ತರ" ಎಂದನು. ಮಗನಿಗೆ ಅರ್ಥವಾಗಲಿಲ್ಲ, ಎದ್ದು ಹೊರಗೆ ಹೋದನು.

ಮರುದಿನದಿಂದ ಕೆಲಸ ನಡೆಯಿತು. ಅಂಬಾಸಿಡರಿನ ಹೆಡ್ಡು ಎಂ.ಜಿ.ಯ ಬ್ಲಾಕಿನ ಮೇಲೆ ಕೂಡಿತು. "ವೇಗ ಮೊದಲಿನಷ್ಟು ಇರಲಾರದು ಸ್ವಾಮಿ, ಓಡೋದಕ್ಕೆ ಅಡ್ಡಿಯಿಲ್ಲ" ಎಂದು ಮೇಸ್ತ್ರಿ ಇದ್ದುದನ್ನು ಇದ್ದಂತೆ ಹೇಳಿ, ಹೆಡ್ಡಿಗೂ ಕೆಲಸಕ್ಕೂ ನ್ಯಾಯವಾದ ಬೆಲೆಯನ್ನಷ್ಟೇ ಪಡೆದನು. ಕೆಂಪು ಕಾರು ಮೈಸೂರಿನ ದಾರಿ ಹಿಡಿಯಿತು. ಸ್ಕ್ಯಾನರ್ ಯಂತ್ರ ಕಂತಿನ ಸಾಲದಲ್ಲಿ ಬಂದಿತು. ಆ ಸಾಲ ತೀರಲು ತಂದೆಮಕ್ಕಳಿಬ್ಬರೂ ಹೆಚ್ಚು ದುಡಿಯಬೇಕಾಯಿತು.

ತಲೆಯಿಲ್ಲದ ಇಂಜಿನ್ನನ್ನು ಉಜ್ಜಿ ತೊಳೆದು ಬಣ್ಣ ಬಳಿದು ಮೇಸ್ತ್ರಿ ಮಠಕ್ಕೆ ಹೋದನು. "ಬುದ್ಧಿ, ನಿಮ್ಮ ಮಠದ ಅನ್ನ ಉಂಡವನು. ಇದನ್ನು ಶಾಲೆಗೆ ಒಪ್ಪಿಸ್ಕೋಬೇಕು" ಎಂದು ಶ್ರೀಗಳ ಮುಂದೆ ಕೈಮುಗಿದು ನಿಂತನು. ಶ್ರೀಗಳು ಅದನ್ನು ಸ್ವೀಕರಿಸಿ, ಒಪ್ಪಿಸುವ ದಿನ ಮಕ್ಕಳಿಗೆ ಪಾಠವನ್ನೂ ಅವನೇ ಹೇಳಬೇಕೆಂದು ಅಪ್ಪಣೆ ಕೊಡಿಸಿದರು. ಸ್ಟ್ಯಾಂಡಿಗೆ ಬೋಲ್ಟು ಬಿಗಿಯಲು ಆ ದಿನ ಮಗನೂ ಬಂದಿದ್ದನು, ಯಾರೂ ಕರೆದಿರಲಿಲ್ಲ.

ಮುಂದಿನ ಸಾಲಿನಲ್ಲಿ, ಕೋಲನ್ನು ಪಕ್ಕಕ್ಕಿಟ್ಟು, ಎಂಬತ್ತು ದಾಟಿದ ನಿವೃತ್ತ ಉಪಾಧ್ಯಾಯರೊಬ್ಬರು ಕುಳಿತಿದ್ದರು. ಮೇಸ್ತ್ರಿ ಅವರ ಪಾದ ಮುಟ್ಟಿ ನಮಸ್ಕರಿಸಿದನು. ಪಾಠ ಆರಂಭವಾಗುವ ಮುನ್ನ ಆ ವೃದ್ಧರು ವಿದ್ಯಾರ್ಥಿಯಂತೆ ಕೈಯೆತ್ತಿದರು.

"ಒಂದು ಪ್ರಶ್ನೆ ನನ್ನ ಹತ್ತಿರ ನಲವತ್ತು ವರ್ಷಕ್ಕೂ ಮೇಲಿಂದ ಉಳಿದಿದೆಯಪ್ಪ. ಒಂದು, ಎರಡು, ಮೂರು, ನಾಲ್ಕು ಅಂತ ಯಾಕಿಲ್ಲ?"

ಮೇಸ್ತ್ರಿಯ ಗಂಟಲು ಕಟ್ಟಿತು. ಉತ್ತರವನ್ನು ಕೈಯೇ ಹೇಳಿತು. ಅವನು ಹಿಡಿಕೆಯನ್ನು ನಿಧಾನವಾಗಿ ತಿರುಗಿಸಿದನು. ಒಂದನೆಯ, ನಾಲ್ಕನೆಯ ಪಿಸ್ಟನ್ನುಗಳು ಜೊತೆಯಾಗಿ ಇಳಿದವು. ಎರಡನೆಯದೂ ಮೂರನೆಯದೂ ಜೊತೆಯಾಗಿ ಏರಿದವು. "ನೋಡಿ ಮಕ್ಕಳೇ, ಒಂದನೇದು ಉರಿದು ಕೆಳಗೆ ಬರುವಾಗ ಮೇಲೆ ಬಂದು ಸಿದ್ಧವಾಗಿರೋದು ಎರಡು ಇಲ್ಲವೇ ಮೂರು. ಇಲ್ಲಿ ಮೂರು ಉರಿಯುತ್ತೆ. ಅರ್ಧ ಸುತ್ತಿಗೆ ಮತ್ತೆ ಮೇಲೆ ಬರೋದು ಒಂದು, ನಾಲ್ಕು. ಒಂದು ಆಗಲೇ ಉರಿದಾಯ್ತು, ಈಗ ಹೊಗೆ ಹೊರಗೆ ಹಾಕ್ತಿದೆ. ಅದಕ್ಕೇ ನಾಲ್ಕರ ಸರದಿ. ಕೊನೆಗೆ ಎರಡು. ಎರಡು, ಮೂರು ಒಟ್ಟಿಗೇ ಏರಿ ಒಟ್ಟಿಗೇ ಇಳಿಯೋವು. ಎರಡಾದ ಕೂಡಲೇ ಮೂರು ಉರಿಯೋಕೆ ಅದು ಮೇಲೆ ಇರೋದೇ ಇಲ್ಲವಲ್ಲ!" ಕೆಲವು ಇಂಜಿನ್ನುಗಳಲ್ಲಿ 1-2-4-3 ಎಂಬ ಕ್ರಮವೂ ಉಂಟೆಂದು, ಆದರೆ 1-2-3-4 ಇಂಥ ಕ್ರ್ಯಾಂಕಿನಲ್ಲಿ ಸಮನಾಗಿ ನಡೆಯದೆಂದು ಅವನು ಸೇರಿಸಿದನು. ಮುಚ್ಚಳವಿದ್ದಿದ್ದರೆ ಇದಾವುದೂ ಕಣ್ಣಿಗೆ ಕಾಣುತ್ತಿರಲಿಲ್ಲ. ಎಂ.ಜಿ.ಗೆ ಹೆಡ್ಡು ಹೋದುದರಿಂದಲೇ ಶಾಲೆಗೆ ಪಾಠ ದಕ್ಕಿತು.

ವೃದ್ಧ ಉಪಾಧ್ಯಾಯರು ಎದ್ದು ಬಂದು ತಾವೂ ಒಮ್ಮೆ ಹಿಡಿಕೆ ತಿರುಗಿಸಿದರು. "ಅವತ್ತು ನನಗೆ ಗೊತ್ತಿಲ್ಲ ಅಂತ ಹೇಳಬೇಕಾಗಿತ್ತು" ಎಂದರು. ಮಕ್ಕಳಿಗೆ ಕೇಳುವಂತೆಯೇ ಹೇಳಿದರು.

ಕಾಯಕದಲ್ಲಿ ಮೇಲು ಕೀಳಿಲ್ಲವೆಂಬ ಶರಣರ ತತ್ತ್ವವನ್ನು ಮಠದ ಶಾಲೆಗಳಲ್ಲಿ ಪ್ರತಿವರ್ಷವೂ ಭಾಷಣಗಳಲ್ಲಿ ಹೇಳುವುದುಂಟು. ಎಣ್ಣೆ ಮೆತ್ತಿದ ಕೈಯೊಂದು ಹಲಗೆಯ ಮುಂದೆ ನಿಂತು ಪಾಠ ಹೇಳಿ, ಸುಣ್ಣದಕಡ್ಡಿ ಹಿಡಿದು ಸವೆದ ಕೈಯೊಂದು ಅದನ್ನು ಕಲಿತ ಆ ದಿನ, ಆ ಮಾತಿಗೆ ಬೇರೆ ಭಾಷಣ ಬೇಕಾಗಲಿಲ್ಲ. ಅಬಿಂಗ್ಡನ್ನಿನ ಕಾರ್ಖಾನೆ ಇಲ್ಲವಾಯಿತು, ಉತ್ತರಪಾಡದ ಸದ್ದು ಅಡಗಿತು. ಹುಣಸೂರು ಸೀಮೆಯ ಒಂದು ಕೊಠಡಿಯಲ್ಲಿ ಮಾತ್ರ ಮಕ್ಕಳು ಇಂದಿಗೂ ಹಿಡಿಕೆ ತಿರುಗಿಸುತ್ತ ಎಣಿಸುತ್ತಾರೆ: ಒಂದು, ಮೂರು, ನಾಲ್ಕು, ಎರಡು.